ದರ ಇಳಿಸದ ಆಮೆ

ನಾನೂರ ನಲವತ್ತೊಂಬತ್ತು ರೂಪಾಯಿ ಕೊಟ್ಟು ನಾನೊಂದು ಆಟ ಕೊಂಡೆ. ಪೆಟ್ಟಿಗೆಯಿಲ್ಲ, ಬಿಲ್ಲಿಲ್ಲ, ಗ್ಯಾರಂಟಿ ಕಾರ್ಡಿಲ್ಲ. ಮಗಳ ಹಳೆಯ ಟ್ಯಾಬಿನ ಗಾಜಿನೊಳಗೆ ಅದು ಇಳಿದು ಕೂತಿತು, ಅಷ್ಟೇ. ಅಷ್ಟು ದುಡ್ಡಿಗೆ ಹಂಪನಕಟ್ಟೆಯ ನನ್ನ ಪಾತ್ರೆ ಅಂಗಡಿಯಲ್ಲಿ ದಪ್ಪ ತಳದ ಸ್ಟೀಲ್ ಬಾಣಲೆ ಬರುತ್ತದೆ. ನಿಮ್ಮ ಸೊಸೆಯ ಕಾಲಕ್ಕೂ ಅದು ಬಾಳುತ್ತದೆ. ಆದರೂ ಕೊಟ್ಟೆ, ಯಾಕೆಂದರೆ ಕಾಲು ಮುರಿದಿತ್ತು. ಕಾಲು ಮುರಿದದ್ದು ಯಾಕೆಂದರೆ, ಒಬ್ಬ ಮಹಾಶಯ ಅಟ್ಟದ ಮೇಲಿನ ತಾಮ್ರದ ಹಂಡೆಯನ್ನೇ ನೋಡಬೇಕೆಂದ. ಏಣಿ ಹತ್ತಿ ಹಂಡೆ ಇಳಿಸುತ್ತಿದ್ದಾಗ ಕೆಳಗಿನಿಂದಲೇ ಒಂದು ದರ ಕೇಳಿದ. ಆ ದರ ಕೇಳಿ ನಾನು, ಅಂಗಡಿಯಲ್ಲಿ ಕೂತಾಗ ಮಾಡುವ ಹಾಗೆ, ಎರಡೂ ಕೈ ಎತ್ತಿ ದೇವರನ್ನು ಕರೆದೆ. ಏಣಿಯ ಮೇಲೆ ನಿಂತು ಚೌಕಾಸಿ ಮಾಡಬಾರದು. ಹಂಡೆಗೆ ಏನೂ ಆಗಲಿಲ್ಲ. ಅವನು ಅದನ್ನು ಕೊಳ್ಳಲೂ ಇಲ್ಲ.

ಕಾಲು ಎತ್ತಿಟ್ಟು ಮಲಗಬೇಕೆಂದು ಡಾಕ್ಟರರ ಅಪ್ಪಣೆಯಾಯಿತು. ಅಂಗಡಿಗೆ ಹೆಂಡತಿ ವಾರಿಜ ಹೋಗತೊಡಗಿದಳು. ಜೆಪ್ಪುವಿನ ಮನೆಯಲ್ಲಿ ನಾನು, ಒಂದು ಫ್ಯಾನು, ಪ್ಲಾಸ್ಟರಿನ ಕಾಲು. ಮೊದಲು ಮೊಬೈಲಿನ ಪುಕ್ಕಟೆ ಆಟಗಳನ್ನು ಆಡಿ ನೋಡಿದೆ. ಎರಡು ನಿಮಿಷ ಆಟ, ಮೂರು ನಿಮಿಷ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು. ಮುಂದೆ ಹೋಗಬೇಕಾದರೆ ವಜ್ರ ಕೊಳ್ಳಿ, ವಜ್ರಕ್ಕೆ ದುಡ್ಡು ಹಾಕಿ. ವ್ಯಾಪಾರದಲ್ಲಿ ಕೂದಲು ಹಣ್ಣಾದವನಿಗೆ ಇಂಥವರ ಗುರುತು ಹತ್ತದೇ ಇರುತ್ತದೆಯೇ? ಲೋಟ ಪುಕ್ಕಟೆ ಕೊಟ್ಟು ಮುಚ್ಚಳಕ್ಕೆ ದರ ಹಾಕುವ ಜನ. ಮಗಳು ದೀಕ್ಷಾ, ಕೊಡಿಯಾಲ್‌ಬೈಲಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು, ಹೇಳಿದಳು: ಒಮ್ಮೆ ದುಡ್ಡು ಕೊಟ್ಟು ಮುಗಿಸುವ ಆಟ ತಗೊಳ್ಳಿ ಅಪ್ಪ, ಆಮೇಲೆ ಯಾರೂ ಕಿಸೆಗೆ ಕೈ ಹಾಕುವುದಿಲ್ಲ. ಆ ಮಾತು ಸರಿ ಕಂಡಿತು. ಆದರೂ ಅದರ ದರ ಏಳುನೂರು ಚಿಲ್ಲರೆ ಇದ್ದಾಗ ತೆಗೆಯಲು ಬಿಡಲಿಲ್ಲ. ದರಕಡಿತ ಬಂದೇ ಬರುತ್ತದೆ, ಕಾಯು ಎಂದೆ. ಬಂತು. ಆ ಆಟದಲ್ಲಿ ನನಗೆ ಸಿಕ್ಕ ಕೊನೆಯ ಗೆಲುವು ಅದು.

ಆಟ ಎಂತದೆಂದು ಹೇಳುತ್ತೇನೆ. ಒಂದು ಗವಿ. ಅಂತಸ್ತು ಅಂತಸ್ತಾಗಿ ಕೆಳಗೆ ಇಳಿಯಬೇಕು. ದಾರಿಯಲ್ಲಿ ಬಾವಲಿ, ಹಾವು, ಕತ್ತಿ ಹಿಡಿದ ಕಪ್ಪೆ. ತಳದಲ್ಲಿ ಮನೆಯಷ್ಟು ದೊಡ್ಡ ಒಂದು ಏಡಿ. ನಮ್ಮ ಆಯುಧವೆಲ್ಲ ಇಸ್ಪೀಟಿನ ಹಾಗಿರುವ ಎಲೆಗಳು. ಒಂದು ಎಲೆ ಹಾಕಿದರೆ ಏಟು, ಇನ್ನೊಂದು ಹಾಕಿದರೆ ಗುರಾಣಿ, ಮತ್ತೊಂದಕ್ಕೆ ವಿಷ. ನಮ್ಮ ಕಟ್ಟಿನಿಂದ ಪ್ರತಿ ಸರದಿಗೆ ಐದು ಎಲೆ ಕೈಗೆ ಬರುತ್ತದೆ. ಒಂದು ಪ್ರಾಣಿಯನ್ನು ಕೊಂದರೆ ಮೂರು ಹೊಸ ಎಲೆ ತೋರಿಸುತ್ತದೆ, ಒಂದನ್ನು ಆರಿಸಿ ಕಟ್ಟಿಗೆ ಸೇರಿಸಬಹುದು. ಸತ್ತರೆ ಮಾತ್ರ ಎಲ್ಲ ಹೋಯಿತು. ಕೂಡಿಸಿದ ಎಲೆ, ನಾಣ್ಯ, ಇಳಿದ ಅಂತಸ್ತು, ಯಾವುದೂ ಇಲ್ಲ. ಮತ್ತೆ ಗವಿಯ ಬಾಗಿಲಿಗೆ ಬರಿಗೈಯಲ್ಲಿ. ಮತ್ತೆ ಹೋದರೆ ದಾರಿಯೂ ಬೇರೆ, ಬರುವ ಎಲೆಗಳೂ ಬೇರೆ.

ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಈ ಆಟದ ಶತ್ರುಗಳು ಬಹಳ ಮರ್ಯಾದಸ್ಥರು. ಮುಂದಿನ ಸರದಿಯಲ್ಲಿ ಎಷ್ಟು ಜೋರಾಗಿ ಹೊಡೆಯುತ್ತೇವೆಂದು ತಲೆಯ ಮೇಲೆ ಮೊದಲೇ ಬರೆದು ತೋರಿಸುತ್ತಾರೆ. ಕಪ್ಪೆ ಕತ್ತಿ ಎತ್ತುವ ಮೊದಲು ನಮಗೆ ಗುರಾಣಿ ಹಿಡಿಯಲು ಸಮಯವುಂಟು. ಇಂಥ ಶತ್ರು ಒಬ್ಬನಾದರೂ ನಮ್ಮ ಪಾತ್ರೆ ಬೀದಿಯಲ್ಲಿ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮೂರು ಅಂತಸ್ತಿನ ಕಟ್ಟಡದ ಯಜಮಾನನಾಗಿರುತ್ತಿದ್ದೆ. ಇನ್ನೊಂದು ಗುಣ, ಒಂದು ಸಲ ಆಡಿದ ಹಾಗೆ ಇನ್ನೊಂದು ಸಲ ಇರುವುದಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇಷ್ಟು ಹೇಳಿದ ಮೇಲೆ ನನ್ನ ಸಿಟ್ಟಿಗೆ ಬರುತ್ತೇನೆ.

ಗವಿಯ ನಡುವೆ ಒಂದು ಅಂಗಡಿ ಉಂಟು. ಅಂಗಡಿಯವನು ಒಂದು ಆಮೆ. ಬೆನ್ನ ಮೇಲೆ ಲಾಟೀನು ಇಟ್ಟುಕೊಂಡು, ಮುಂದೆ ಚಾಪೆ ಹಾಸಿ, ಎಲೆಗಳನ್ನು ಜೋಡಿಸಿ ಕೂತಿರುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಮಲಗಿದ್ದವನು ಎದ್ದು ಕೂತೆ. ಬಾವಲಿ ಹೊಡೆಯುವುದು ನನ್ನ ಕಸುಬಲ್ಲ, ಇದು ನನ್ನದು. ಒಂದು ಒಳ್ಳೆಯ ಗುರಾಣಿ ಎಲೆಗೆ ಎಪ್ಪತ್ತೈದು ನಾಣ್ಯ ಎಂದು ಬರೆದಿತ್ತು. ಐವತ್ತಕ್ಕೆ ಕೇಳುವುದು ಹೇಗೆಂದು ಹುಡುಕಿದೆ. ಆಮೆಯನ್ನು ಒತ್ತಿದೆ, ಚಾಪೆಯನ್ನು ಒತ್ತಿದೆ, ಲಾಟೀನನ್ನೂ ಒತ್ತಿದೆ. ಎಲ್ಲೂ ಇಲ್ಲ. ಮುಂದಿನ ಮೂರು ಸಲವೂ ಹಾಗೆಯೇ. ಕೊನೆಗೆ ದೀಕ್ಷಾಳನ್ನು ಕರೆದು ಕೇಳಿದೆ.

"ಅಪ್ಪ, ಅದು ಪ್ರೋಗ್ರಾಮ್. ಅದು ಎಂತ ಬರೆದಿದೆಯಾ ಅದೇ ರೇಟು."

"ನಾನು ಇದರ ಹತ್ರ ಎರಡು ಸಾಮಾನು ತಗೊಳ್ಳುದು. ಎರಡಕ್ಕೆ ಸೇರಿಸಿ ಒಂದು ರೇಟು ಇರ್ಲಿಕ್ಕಿಲ್ವಾ?"

"ಇಲ್ಲ."

"ನಾನು ನಾಲ್ಕನೇ ಸಲ ಬರುವ ಗಿರಾಕಿ."

"ನೀವು ನಾಲ್ಕು ಸಲ ಸತ್ತ ಗಿರಾಕಿ" ಎಂದು ಹೇಳಿ ಆಫೀಸಿಗೆ ಹೊರಟುಹೋದಳು.

ಇನ್ನೂ ಕೇಳಿ. ಆ ಆಮೆಯ ಹತ್ತಿರ ಇನ್ನೊಂದು ಸೇವೆ ಉಂಟು. ನಮ್ಮ ಕಟ್ಟಿನ ಬೇಡದ ಎಲೆಯೊಂದನ್ನು ಅದು ತೆಗೆದು ಬಿಸಾಡುತ್ತದೆ. ಅದಕ್ಕೆ ದುಡ್ಡು ಯಾರು ಕೊಡಬೇಕು ಹೇಳಿ? ನಾವು. ನನ್ನ ಅಂಗಡಿಗೆ ಹಳೆಯ ಅಲ್ಯೂಮಿನಿಯಂ ಡಬರಿ ತಂದುಕೊಟ್ಟರೆ, ಎಷ್ಟೇ ತೂತಿರಲಿ, ತೂಕ ಹಾಕಿ ನಾನೇ ದುಡ್ಡು ಕೊಡುತ್ತೇನೆ. ಈ ಆಮೆ ನನ್ನ ಎಲೆಯನ್ನೂ ಇಟ್ಟುಕೊಳ್ಳುತ್ತದೆ, ನನ್ನ ನಾಣ್ಯವನ್ನೂ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಹೋದರೆ ಆ ಸೇವೆಗೆ ದರವನ್ನೂ ಏರಿಸಿರುತ್ತದೆ. ಹಗಲುದರೋಡೆ ಎಂಬ ಮಾತು ನಾನು ಸುಮ್ಮನೆ ಬಳಸುವವನಲ್ಲ. ಪಾತ್ರೆ ವ್ಯಾಪಾರಿಗೆ ಆ ಮಾತು ತಿರುಗಿ ಬೀಳುತ್ತದೆ.

ನಾನು ಇಸ್ಪೀಟು ಗೊತ್ತಿಲ್ಲದವನು ಎಂದು ತಿಳಿಯಬೇಡಿ. ನಮ್ಮದು ಒಂದು ಕಾಲಕ್ಕೆ ಬೈಲು ತುಂಬ ಗದ್ದೆಯಿದ್ದ ಮನೆತನವಂತೆ. ನಾನು ಹುಟ್ಟುವ ಹೊತ್ತಿಗೆ ಗದ್ದೆ ಹೋಗಿ ಆ 'ಅಂತೆ' ಮಾತ್ರ ಉಳಿದಿತ್ತು. ಅಮ್ಮ ಬೀಡಿ ಕಟ್ಟುತ್ತಿದ್ದರು. ಕಟ್ಟಿದ ಬೀಡಿಯನ್ನು ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುವುದು ನನ್ನ ಕೆಲಸ. ಅಲ್ಲಿ ಸರದಿ ಬರುವವರೆಗೆ ಜಗಲಿಯಲ್ಲಿ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡುತ್ತಿದ್ದೆವು. ಆ ಆಟದಲ್ಲಿ ಗುಲಾಮನ ಮುಂದೆ ರಾಜನೂ ಇಲ್ಲ, ರಾಣಿಯೂ ಇಲ್ಲ. ಬಡವರ ಮನೆಯ ಮಕ್ಕಳಿಗೆ ಅದಕ್ಕಿಂತ ಹೆಚ್ಚು ಎಂತ ಬೇಕು? ಎಲೆ ಕೈಗೆ ಬಂದ ಕೂಡಲೇ ಎಷ್ಟು ಅಂಕ ಮಾಡುತ್ತೇವೆಂದು ಕೂಗಬೇಕು. ಒಬ್ಬ ಹದಿನಾರು ಎಂದರೆ ಇನ್ನೊಬ್ಬ ಹದಿನೇಳು. ಕೈಯಲ್ಲಿ ಏನೂ ಇಲ್ಲದೆ ಹತ್ತೊಂಬತ್ತು ಎಂದು ಕೂಗಿ ಎದುರಿನವನ ಕಣ್ಣು ನೋಡುವುದನ್ನು ನಾನು ಕಲಿತದ್ದು ಅಲ್ಲಿ. ನಮ್ಮ ಕಟ್ಟಿನಲ್ಲಿ ಕಳಾವರ್ ಒಂಬತ್ತು ಕಳೆದುಹೋಗಿ, ಅದರ ಬದಲಿಗೆ ಬೀಡಿಕಟ್ಟಿನ ಲೇಬಲ್ ಅಂಟಿಸಿದ ಒಂದು ರಟ್ಟು ಇತ್ತು. ಯಾರ ಕೈಯಲ್ಲಿ ಅದು ಇದೆ ಎಂಬುದು ಎಲೆಯ ಬೆನ್ನಿನಿಂದಲೇ ಎಲ್ಲರಿಗೂ ಕಾಣುತ್ತಿತ್ತು, ಕಾಣದ ಹಾಗೆ ಆಡುತ್ತಿದ್ದೆವು. ಈ ಗವಿಯ ಆಟದಲ್ಲಿ ಎಲೆಗಳು ಸ್ವಚ್ಛ, ಚಿತ್ರಗಳು ಚಂದ, ಸದ್ದು ಇಂಪು. ಕಣ್ಣು ನೋಡಬೇಕೆಂದರೆ ಎದುರಿಗೆ ಯಾರೂ ಇಲ್ಲ. ಸೋತರೆ ಬೈಯಲಿಕ್ಕೆ ಒಬ್ಬ ಜೊತೆಗಾರನೂ ಇಲ್ಲ. ಜೊತೆಗಾರನಿಗೆ ಬೈಯಲು ಅವಕಾಶವಿಲ್ಲದ ಇಸ್ಪೀಟು ನನ್ನ ಪ್ರಕಾರ ಇಸ್ಪೀಟೇ ಅಲ್ಲ.

ಸೋಲುವುದಂತೂ ದಿನವೂ ಸೋತೆ. ಎರಡನೇ ಅಂತಸ್ತು ದಾಟಿದರೆ ದೊಡ್ಡದು. ಕಾರಣ ತಿಳಿಯಲಿಲ್ಲ. ಸಿಕ್ಕ ಎಲೆಯನ್ನು ಒಂದೂ ಬಿಟ್ಟವನಲ್ಲ ನಾನು. ಕಟ್ಟು ಇಟ್ಟಿಗೆಯಷ್ಟು ದಪ್ಪವಾಗಿತ್ತು. ಪುಕ್ಕಟೆ ಕೊಡುತ್ತೇನೆಂದರೆ ಬೇಡ ಎನ್ನುವುದು ನನ್ನ ಅಭ್ಯಾಸದಲ್ಲಿಲ್ಲ. ಆ ಅಭ್ಯಾಸದಿಂದಲೇ, ತಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಹೊತ್ತು ಮನೆಮನೆ ತಿರುಗುತ್ತಿದ್ದವನು ಅಂಗಡಿ ಹಾಕಿದ್ದು.

ವಾರಿಜ ಅಂಗಡಿ ಮುಚ್ಚಿ ಬಂದು, ಅನ್ನಕ್ಕೆ ಇಟ್ಟು, ಕುಚ್ಚಲಕ್ಕಿ ಬೇಯುವ ಹೊತ್ತಿನಲ್ಲಿ ಟ್ಯಾಬು ತೆಗೆದುಕೊಳ್ಳುತ್ತಿದ್ದಳು. ಅವಳಿಗೆ ಇಸ್ಪೀಟಿನ ಗಂಧ ಇಲ್ಲ. ಪ್ರಾಣಿ ಸತ್ತ ಮೇಲೆ ಮೂರು ಎಲೆ ಬಂದರೆ ಮೂರನ್ನೂ ಓದುತ್ತಾಳೆ, 'ಬೇಡ' ಎಂಬಲ್ಲಿ ಒತ್ತುತ್ತಾಳೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಬಂದದ್ದನ್ನು ಯಾಕೆ ಬಿಡುತ್ತಿ ಎಂದರೆ, ಅದು ಇದರ ಜೊತೆ ಹೊಂದುವುದಿಲ್ಲ ಅನ್ನುತ್ತಿದ್ದಳು. ಅವಳ ಕಟ್ಟಿನಲ್ಲಿ ಇದ್ದದ್ದೇ ಬೆರಳೆಣಿಕೆಯ ಎಲೆ. ಆದ್ದರಿಂದ ಬೇಕಾದ ಎಲೆ ಬೇಕಾದಾಗ ಕೈಗೆ ಬರುತ್ತಿತ್ತು. ನನ್ನದರಲ್ಲಿ ಗುರಾಣಿ ಬೇಕಾದಾಗ ವಿಷ, ವಿಷ ಬೇಕಾದಾಗ ಏಟು. ಒಂದು ವಾರ ಕಳೆಯುವುದರೊಳಗೆ ಅವಳು ಏಡಿಯನ್ನು ಕೊಂದಳು. ಕೊಂದು, ಟ್ಯಾಬು ಮಗುಚಿಟ್ಟು, ಗಂಜಿ ಬಸಿಯಲು ಹೋದಳು. ಒಂದು ಮಾತು ಆಡಲಿಲ್ಲ. ಗೆದ್ದವರು ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸೋತವರಿಗೆ ಬೈಯಲು ಅನುಕೂಲ. ಅದನ್ನೂ ಅವಳು ಮಾಡಲಿಲ್ಲ.

ಆಮೆಯ ವಿಷಯದಲ್ಲಿ ಮಾತ್ರ ಒಮ್ಮೆ ಹೇಳಿದ್ದಳು: "ಅದರ ಅಂಗಡಿ ಎಷ್ಟು ಆರಾಮ ಮಾರಾಯ್ರೇ. ರೇಟು ಬರೆದು ಇಟ್ಟಿದೆ. ಬೇಕಾದ್ರೆ ತಗೊಳ್ಳುದು, ಬೇಡದಿದ್ರೆ ಹೋಗುದು. ಬಾಯಿ ನೋಯಿಸ್ಲಿಕ್ಕೆ ಇಲ್ಲ." ನಾನು ಅದನ್ನು ಆಟದ ಮಾತು ಅಂದುಕೊಂಡೆ.

ನಿಜ ತಿಳಿದದ್ದು ಮರ್ಸಿ ಬಾಯಿಯಿಂದ. ಮರ್ಸಿ ಬಾಯಿ ಎಂದರೆ ನಮ್ಮ ಜೆಪ್ಪುವಿನವರೇ, ಗಲ್ಫಿನಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾಗಿ ಬಂದವರು. ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿ ಕರಿಯಲು ಪ್ರತಿವರ್ಷ ಒಂದು ಹೊಸ ಬಾಣಲೆಯಾದರೂ ಅವರಿಗೆ ಬೇಕು. ಆ ಒಂದು ಬಾಣಲೆಗೆ ನಾವಿಬ್ಬರೂ ಒಂದು ಗಂಟೆ ಜಗಳವಾಡುತ್ತೇವೆ. ಅವರು ನನ್ನನ್ನು ಕಳ್ಳ ಅನ್ನುತ್ತಾರೆ, ನಾನು ಅವರ ದೀನಾರಿನ ಪೆಟ್ಟಿಗೆಯ ಸುದ್ದಿ ಎತ್ತುತ್ತೇನೆ, ನಡುವೆ ಎರಡು ಚಾ ಆಗುತ್ತದೆ. ಅವರು ನನ್ನ ಕಾಲು ನೋಡಲು ಬಂದವರು ಕಾಲನ್ನು ನೋಡಲೇ ಇಲ್ಲ. ಕುರ್ಚಿ ಎಳೆದು ಕೂತು ಕೇಳಿದರು.

"ಶೆಟ್ರೇ, ನಿಮ್ಮ ಅಂಗಡಿಯಲ್ಲಿ ಎಂತ ಆಗಿದೆ? 'ಒಂದೇ ದರ' ಅಂತ ಬೋರ್ಡು ನೇತಾಡ್ತಾ ಉಂಟು. ಪ್ರತಿ ಪಾತ್ರೆಗೆ ಚೀಟಿ ಅಂಟಿಸಿದ್ದಾರೆ. ನಾನು ಚೀಟಿ ಓದ್ಲಿಕ್ಕೆ ಅಲ್ಲಿವರೆಗೆ ಹೋಗ್ಬೇಕಾ? ಅದಕ್ಕೆ ದೊಡ್ಡ ಮಾಲ್ ಇಲ್ವಾ, ಅಲ್ಲಿ ಏಸಿಯೂ ಉಂಟು."

ಪ್ಲಾಸ್ಟರು ಇದ್ದದ್ದರಿಂದ ನಾನು ಎದ್ದು ನಿಲ್ಲಲಿಲ್ಲ. ಆ ದಿನ ಪೂರ್ತಿ ಆಮೆಯ ಮುಖ ನನ್ನ ಕಣ್ಣ ಮುಂದಿತ್ತು. ಗಾಜಿನೊಳಗಿನ ಪ್ರಾಣಿ ನನ್ನ ಮನೆಯವಳ ತಲೆಯೊಳಗೆ ಹೊಕ್ಕು, ಅಲ್ಲಿಂದ ಬಸ್ಸು ಹತ್ತಿ ಹಂಪನಕಟ್ಟೆಗೆ ಹೋಗಿ ನನ್ನ ಗಲ್ಲಾದಲ್ಲಿ ಕೂತಿತ್ತು. ನಾನು ಕಟ್ಟಿದ್ದು ಪಾತ್ರೆಯ ಅಂಗಡಿಯಲ್ಲ. ಪಾತ್ರೆ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ಕಟ್ಟಿದ್ದು ಮಾತಿನ ಅಂಗಡಿ. ಮಾತೇ ಬೇಡವೆಂದರೆ ನಾನು ಯಾಕೆ?

ಸಂಜೆ ವಾರಿಜ ಬಂದಾಗ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ನಮ್ಮ ಮನೆಮಾತು ತುಳು. ಕನ್ನಡದಲ್ಲಿ ಬರೆದಾಗ ಅದರ ಖಾರ ಅರ್ಧ ಇಳಿದಿರುತ್ತದೆ ಎಂದು ತಿಳಿದು ಓದಿ. ಯಾರನ್ನು ಕೇಳಿ ಬೋರ್ಡು ಹಾಕಿದೆ ಎಂದೆ. ನೀವು ಏಣಿ ಹತ್ತುವಾಗ ನನ್ನನ್ನು ಕೇಳಿದ್ದಿರಾ ಎಂದಳು. ಗಿರಾಕಿ ಓಡಿಹೋಗುತ್ತಾರೆ ಎಂದೆ. ಒಬ್ಬರಿಗೆ ನೀವು ತೆಗೆದುಕೊಳ್ಳುವ ಹೊತ್ತಿನಲ್ಲಿ ನಾನು ಐದು ಜನರಿಗೆ ಕೊಟ್ಟು ಕಳಿಸುತ್ತೇನೆ ಎಂದಳು. ಕುಕ್ಕರಿಗೆ ಯಾವ ಚೀಟಿ ಅಂಟಿಸಿದ್ದಿ ಎಂದು ಕೇಳಿದೆ. ಹೇಳಿದಳು. ನಾನು ಮೊದಲು ಹೇಳುವ ದರಕ್ಕಿಂತ ಕಡಿಮೆ, ಮರ್ಸಿ ಬಾಯಿಗೆ ಕೊನೆಗೆ ಕೊಡುವ ದರಕ್ಕಿಂತ ಜಾಸ್ತಿ. ಅಂದರೆ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಇದಕ್ಕೆ ವ್ಯಾಪಾರ ಅನ್ನುವುದಿಲ್ಲ, ರೇಷನ್ ಅನ್ನುತ್ತಾರೆ ಎಂದು ನಾನು ಕೂಗಿದೆ.

ಆಗ ಅವಳು ಕೂತಳು. ಸೆರಗಿನಲ್ಲಿ ಕುತ್ತಿಗೆ ಒರಸಿಕೊಂಡು ಹೇಳಿದಳು:

"ಒಂದು ಕೇಳ್ತೇನೆ. ನೀವು ಮರ್ಸಿ ಬಾಯಿಗೆ ಕಡಿಮೆ ಮಾಡಿದ ದುಡ್ಡು ಎಲ್ಲಿಂದ ತರುದು? ಬಾಯಿ ಇಲ್ಲದವರ ಕೈಯಿಂದ ಅಲ್ವಾ? ಜಗಳ ಮಾಡ್ಲಿಕ್ಕೆ ಗೊತ್ತಿದ್ದವರಿಗೆ ಒಂದು ರೇಟು, ಗೊತ್ತಿಲ್ಲದವರಿಗೆ ಒಂದು. ನನಗೆ ಹಾಗೆ ಮಾಡ್ಲಿಕ್ಕೆ ಬರುದಿಲ್ಲ. ಕಾಲು ಸರಿಯಾದ ಮೇಲೆ ಬೋರ್ಡು ತೆಗೀತೀರಾದ್ರೆ ಈಗಲೇ ಹೇಳಿ ಬಿಡಿ. ನಾಳೆಯಿಂದ ನಾನು ಹೋಗುದಿಲ್ಲ."

ನಾನು ಹೇಳಲಿಲ್ಲ. ಅವಳು ಹೋಗದಿದ್ದರೆ ಮದುವೆ ವ್ಯಾಪಾರದ ತಿಂಗಳಲ್ಲಿ ಅಂಗಡಿಗೆ ಬೀಗ. ಒಳಗೊಳಗೆ ಮಾತ್ರ ತೀರ್ಮಾನ ಮಾಡಿದೆ: ಪ್ಲಾಸ್ಟರು ಬಿಚ್ಚಿದ ದಿನ ಮೊದಲು ಆ ಬೋರ್ಡು, ಆಮೇಲೆ ಬೇರೆ ಮಾತು. ಆಮೇಲೆ ಅವಳು ಮುಖ ತಿರುಗಿಸಿದರೆ ತಿರುಗಿಸಲಿ. ಆ ದಿನಗಳಲ್ಲಿ ಗವಿಗೆ ಇಳಿದು ಇಳಿದು ಸತ್ತೆ. ಆಮೆಯ ಅಂಗಡಿ ಬಂದರೆ ಒಂದು ನಾಣ್ಯ ಬಿಚ್ಚದೆ ಮುಂದೆ ಹೋಗುತ್ತಿದ್ದೆ. ಬಹಿಷ್ಕಾರ. ಅದರಿಂದ ಆಮೆಗೆ ಎಂತದೂ ಆಗಲಿಲ್ಲ.

ಪ್ಲಾಸ್ಟರು ಬಿಚ್ಚಿದ ಮರುದಿನ ಊರುಗೋಲು ಹಿಡಿದು ರಿಕ್ಷಾದಲ್ಲಿ ಅಂಗಡಿಗೆ ಹೋದೆ. ಬರುತ್ತೇನೆಂದು ವಾರಿಜಳಿಗೆ ಹೇಳಿರಲಿಲ್ಲ. ಬೋರ್ಡು ಬಾಗಿಲ ನೆತ್ತಿಯ ಮೇಲೆಯೇ ಇತ್ತು, ಒಳ್ಳೆಯ ಕೆಂಪು ಅಕ್ಷರದಲ್ಲಿ. ಒಳಗೆ ಸದ್ದಿಲ್ಲ. ಪಾತ್ರೆ ಅಂಗಡಿಯಲ್ಲಿ ಸದ್ದಿಲ್ಲವೆಂದರೆ ನನಗೆ ಮರಣದ ಮನೆಗೆ ಬಂದ ಹಾಗೆ. ಹಾಗೆಂದು ಖಾಲಿ ಇರಲಿಲ್ಲ. ಜನ ಚೀಟಿ ಓದುತ್ತಾರೆ, ತಟ್ಟಿ ನೋಡುತ್ತಾರೆ, ತೆಗೆದುಕೊಂಡು ಬರುತ್ತಾರೆ. ಗಲ್ಲಾದ ಮುಂದೆ ಲೀನಾ ಟೀಚರ್ ಇಡ್ಲಿ ಬೇಯಿಸುವ ಒಂದು ತೊಂದೂರು ಹಿಡಿದು ನಿಂತಿದ್ದರು.

ಲೀನಾ ಟೀಚರರನ್ನು ನಾನು ಬಹಳ ಮೆಚ್ಚುತ್ತಿದ್ದೆ. ಹೇಳಿದ ದರ ಕೊಟ್ಟು ಹೋಗುವ ಹೆಂಗಸು. ಒಂದು ಮಾತಿಲ್ಲ, ಮುಖ ಸಿಂಡರಿಸುವುದಿಲ್ಲ. ಇಂಥ ಗಿರಾಕಿಗಳು ಸಾವಿರಕ್ಕೊಬ್ಬರು ಎಂದು ನಾನೇ ಎಷ್ಟೋ ಸಲ ವಾರಿಜಳ ಮುಂದೆ ಹೊಗಳಿದ್ದೇನೆ. ನನ್ನನ್ನು ಕಂಡು ಕಾಲು ಹೇಗಿದೆ ಎಂದು ಕೇಳಿದರು. ಆಮೇಲೆ, ನಾನು ಕೇಳದೆಯೇ, ಬೋರ್ಡಿನ ಕಡೆಗೆ ಗಲ್ಲ ಎತ್ತಿ ನಕ್ಕರು.

"ಇದು ಒಳ್ಳೆದಾಯ್ತು ಶೆಟ್ರೇ. ಮೊದಲು ಇಲ್ಲಿಗೆ ಬರುವ ದಿನ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಹೇಳಿ ಹೇಳಿ ಕಲಿತು ಬರ್ತಿದ್ದೆ, ಇಷ್ಟಕ್ಕೆ ಕೊಡಿ, ಇಷ್ಟಕ್ಕೆ ಕೊಡಿ ಅಂತ. ನಿಮ್ಮ ಮುಂದೆ ನಿಂತ ಮೇಲೆ ಬಾಯಿಯೇ ಬರ್ತಿರ್ಲಿಲ್ಲ. ವಾಪಸ್ ಹೋಗುವಾಗ ನನಗೆ ನನ್ನ ಮೇಲೇ ಸಿಟ್ಟು. ಈಗ ಬಸ್ಸಿನಲ್ಲಿ ಹೊರಗೆ ನೋಡ್ತಾ ಬರ್ತೇನೆ."

ವಾರಿಜ ತಲೆ ಎತ್ತಲಿಲ್ಲ. ಚಿಲ್ಲರೆ ಎಣಿಸುತ್ತಿದ್ದಳು. ತೊಂದೂರಿನ ಮೇಲೆ ಹೆಸರು ಕೊರೆಯಬೇಕಾ ಎಂದು ಕೇಳಿದಳು. ಟೀಚರ್ ಹೂಂ ಎಂದರು.

ನನಗೆ ಬಂದ ಸಿಟ್ಟು ಸಣ್ಣದಲ್ಲ. ಅದು ಟೀಚರರ ಮೇಲೋ, ವಾರಿಜಳ ಮೇಲೋ, ಆಮೆಯ ಮೇಲೋ ಎಂದು ಇಲ್ಲಿಯವರೆಗೂ ತೀರ್ಮಾನವಾಗಿಲ್ಲ. ಇನ್ನೂ ಒಬ್ಬನ ಹೆಸರು ಆ ಸಾಲಿನಲ್ಲಿ ಉಂಟು, ಅದನ್ನು ನಾನು ಇಲ್ಲಿ ಬರೆಯುವವನಲ್ಲ. ಬೋರ್ಡು ಇಳಿಸಬೇಕಾದರೆ ಸ್ಟೂಲು ಬೇಕು. ಅಂಗಡಿಯಲ್ಲಿ ಇರುವುದು ಒಂದೇ ಸ್ಟೂಲು. ಅದರ ಮೇಲೆ ವಾರಿಜ ಕೂತಿದ್ದಳು. ಏಳು ಎಂದು ಹೇಳಲು ಬಾಯಿ ತೆರೆದೆ, ನನಗೂ ಬಾಯಿ ಬರಲಿಲ್ಲ.

ಬೋರ್ಡು ಈಗಲೂ ಅಲ್ಲೇ ಉಂಟು. ನಾನು ಬೆಳಿಗ್ಗೆ ಹೋಗಿ ಹೆಸರು ಕೊರೆಯುವ ಮಿಷನ್ನಿನ ಹತ್ತಿರ ಕೂರುತ್ತೇನೆ. ಮರ್ಸಿ ಬಾಯಿ ಕ್ರಿಸ್ಮಸ್ಸಿಗೆ ಬರಲಿಲ್ಲ. ಅದಕ್ಕೆ ನನ್ನ ಸಿಟ್ಟು ಹಾಗೆಯೇ ಉಂಟು, ಇಳಿಸುವ ವಿಚಾರವೂ ಇಲ್ಲ.

ಇನ್ನು ನಿಮಗೆ ನಾಲ್ಕು ಮಾತು. ಈ ಆಟ ಕೊಳ್ಳುವುದಾದರೆ ಪೂರ್ತಿ ದರಕ್ಕೆ ಕೊಳ್ಳಬೇಡಿ, ಕಾದರೆ ಇಳಿಯುತ್ತದೆ. ಪುಕ್ಕಟೆ ಆಟಕ್ಕಿಂತ ಇದು ಅಗ್ಗ, ಅದರಲ್ಲಿ ಸಂಶಯವಿಲ್ಲ. ಕೊಟ್ಟ ಎಲೆಯನ್ನೆಲ್ಲ ಬಾಚಿಕೊಳ್ಳಬೇಡಿ. ನನಗೆ ಇದು ತಿಳಿಯಲು ಒಂದು ಪ್ಲಾಸ್ಟರಿನ ಕಾಲವೇ ಹಿಡಿಯಿತು. ಆಮೆಯ ಮೇಲೆ ಸಿಟ್ಟು ಮಾಡಿ ನಾಣ್ಯ ಉಳಿಸಿದರೆ ಸತ್ತಾಗ ಅದೂ ಹೋಗುತ್ತದೆ, ಆದ್ದರಿಂದ ಹಲ್ಲು ಕಚ್ಚಿ ಕೊಳ್ಳಿ.

ಮತ್ತೆ, ಲೀನಾ ಟೀಚರರ ಹಾಗೆ ಬಸ್ಸಿನಲ್ಲಿ ಮಾತು ಕಲಿತು ಹೋಗುವವರು ನಿಮ್ಮಲ್ಲೂ ಇದ್ದೀರಿ, ನನಗೆ ಗೊತ್ತು. ಬೋರ್ಡು ಇಲ್ಲದ ಅಂಗಡಿಗಳೇ ನಮ್ಮ ಊರಲ್ಲಿ ಹೆಚ್ಚು. ಅಲ್ಲಿಗೆ ಹೋದಾಗ ನೀವು ಮಾತು ಕಲಿಯುವುದೇ ಬೇಡ. ಅಂಗಡಿಯವನು ದರ ಹೇಳಿದ ಕೂಡಲೇ ಹೂಂ ಎನ್ನಬೇಡಿ, ಇಲ್ಲ ಎನ್ನಬೇಡಿ, ಚೀಲ ಬಿಚ್ಚಬೇಡಿ. ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತುಬಿಡಿ. ಎದುರಿಗೆ ಕೂತವನಿಗೆ ಜಗಳಗಂಟಿಯನ್ನು ಸಂಭಾಳಿಸಲು ನೂರು ದಾರಿ ಗೊತ್ತು. ಸುಮ್ಮನೆ ನಿಂತವರನ್ನು ಸಂಭಾಳಿಸಲು ಒಂದೂ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಕಡಿಮೆ ಮಾಡಿ ಹೇಳುತ್ತಾನೆ. ಆಗಲೂ ಸುಮ್ಮನಿರಿ. ಇನ್ನೊಮ್ಮೆ ಇಳಿಯುತ್ತಾನೆ. ಇದನ್ನು ನಾನು ಇಷ್ಟು ವರ್ಷ ಯಾವ ಗಿರಾಕಿಗೂ ಹೇಳಿರಲಿಲ್ಲ.